ಅಡಿಕೆ ಲೆಕ್ಕದವರಿಗೂ ಕೋಡಿಂಗ್ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವಳು. ಓದಿದ್ದು ಬಿಕಾಂ. ದಿನದ ಖರೀದಿ ಪಟ್ಟಿ ಬೇಗ ಮುಗಿಯಲಿ ಅಂತ ಪೈಥಾನ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ ಕಲಿತೆ. ಈಗ ಬೇಗ ಮುಗಿಯುತ್ತದೆ, ನಿಜ. ಆದರೆ ಕೋಡ್ ಬರೆಯಲು ಕೂತಾಗಲೇ ನಮ್ಮ ಕೆಲಸ ನನಗೆ ಪೂರ್ತಿ ಅರ್ಥವಾಯಿತು.

ಅಂಗಡಿಗೆ ಬಂದ ಅಡಿಕೆಯನ್ನು ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಅಂತ ಬೇರೆ ಬೇರೆ ತರ ಮಾಡುತ್ತೇವೆ. ಒಂದೊಂದಕ್ಕೂ ಬೇರೆ ದರ. ಗುಣಿಸಿ ಕೂಡಿಸಿದರೆ ಮುಗಿಯಿತು, ಅಲ್ವಾ? ಇಲ್ಲ. ತೂಕದಲ್ಲಿ ನೂರು ಗ್ರಾಮಿಗಿಂತ ಕಡಿಮೆ ಉಳಿದದ್ದನ್ನು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿತ್ತು. ಎಲ್ಲಿ ಬಿಡುವುದು? ಒಬ್ಬರು ಪ್ರತಿಯೊಂದು ತರದಲ್ಲೂ ಬಿಡುತ್ತಿದ್ದರು. ಇನ್ನೊಬ್ಬರು ಗ್ರಾಮನ್ನೆಲ್ಲ ಹಿಡಿದು, ಕೊನೆಗೆ ಹಣವನ್ನು ಮಾತ್ರ ರೂಪಾಯಿಗೆ ಸರಿ ಮಾಡುತ್ತಿದ್ದರು. ಮೂರು ತರದಲ್ಲಿ 80 ಗ್ರಾಮಿನಂತೆ ಬಿಟ್ಟರೆ 240 ಗ್ರಾಂ. ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಂಡರೂ 96 ರೂಪಾಯಿ. ತೋಟದವರಿಗೆ ಅದು ಸಣ್ಣ ಮೊತ್ತವಲ್ಲ. ಕೈಬರಹದ ಪುಸ್ತಕದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಪ್ಯೂಟರಿಗೆ "ನೋಡಿಕೊಂಡು ಮಾಡು" ಅನ್ನಲು ಬರುವುದಿಲ್ಲ. ಹಾಗಾಗಿ ಧಣಿಗಳನ್ನು ಕೇಳಿದೆ. ತೂಕದಲ್ಲಿ ಏನೂ ಬಿಡುವುದು ಬೇಡ ಅಂತ ಅವರು ತೀರ್ಮಾನಿಸಿದರು. ಈಗ ತಕ್ಕಡಿಯ ಹತ್ತಿರ ಯಾರೇ ನಿಂತರೂ ಲೆಕ್ಕ ಒಂದೇ.

ಇನ್ನೊಂದು ವಿಷಯ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.30000000000000004 ಬರುತ್ತದೆ. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದರಲ್ಲಿ ಇಟ್ಟುಕೊಳ್ಳುತ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಅದಕ್ಕೇ ದಶಾಂಶ ಬಾರದ ಹಾಗೆ ನಾನು ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ ಇಡುತ್ತೇನೆ. ಇದು ಗೊತ್ತಾದ ಮೇಲೆ ಯಾವ ಯಂತ್ರದ ಬಿಲ್ಲನ್ನೂ ಸುಮ್ನೆ ನಂಬುವುದಿಲ್ಲ, ಒಮ್ಮೆ ಪರೀಕ್ಷೆ ಮಾಡುತ್ತೇನೆ.

"ಈಗ ಎಐ ಕೋಡ್ ಬರೆದು ಕೊಡುತ್ತದಲ್ಲ, ಕಲಿಯುವುದು ಯಾಕೆ?" ಅಂತ ಕೇಳುವವರಿದ್ದಾರೆ. ಬರೆದು ಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ ಗ್ರಾಮನ್ನು ಎಲ್ಲಿ ಬಿಟ್ಟಿದೆ ಅಂತ ಓದಿ ಹಿಡಿಯಬೇಕಾದವರು ನಾವೇ. ಪಟೋರ ಅಂದರೆ ಏನು ಅಂತ ಗೊತ್ತಿರುವವರೇ ಆ ಸಾಲುಗಳನ್ನು ಓದಬೇಕು. ಆಸ್ಪತ್ರೆಯ ಚೀಟಿ ಬರೆಯುವವರಿಗೂ, ಹಾಲಿನ ಸೊಸೈಟಿಯವರಿಗೂ ಇದೇ ಮಾತು.

ಶುರು ಮಾಡಲು ದುಡ್ಡು ಬೇಡ, ಪೈಥಾನ್ ಉಚಿತ. ಕೇರಳದ ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್) ಪಾಠದಲ್ಲೇ ಪೈಥಾನ್ ಇದೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕಲಿಯುತ್ತಾರೆ. ಮನೆಯಲ್ಲಿ ಅಂಥ ಮಕ್ಕಳಿದ್ದರೆ ಅವರ ಪಕ್ಕ ಕೂತು ಕೇಳಿ. ಮೊದಲ ಪ್ರೋಗ್ರಾಂ ನಿಮ್ಮ ಕೆಲಸದ ಯಾವುದಾದರೂ ಸಣ್ಣ ಲೆಕ್ಕವೇ ಆಗಲಿ.