ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಊರಿಗೆ ಫೋನ್ ಮಾಡಿದಾಗ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆದರೆ ಮಕ್ಕಳನ್ನು ನೋಡಲು ಹೊರಡುವ ತಂದೆತಾಯಿಯರು ಕಿಲೋಮೀಟರ್ ಬಿಟ್ಟು ಗಂಟೆಗಳನ್ನು ಕೇಳಬೇಕು ಎನ್ನುತ್ತೇನೆ ನಾನು.

ಅಮ್ಮ ಮೊದಲ ಸಲ ಇಲ್ಲಿಗೆ ಬರುವಾಗ ಅಪ್ಪ ಮಂಡ್ಯದಲ್ಲಿ ಕುಳಿತು ಮೊಬೈಲ್‌ನಲ್ಲಿ ವಿಮಾನ ಸಾಗುವುದನ್ನು ನೋಡುತ್ತಿದ್ದರು. ‘ಅಮೆರಿಕಕ್ಕೆ ಹೊರಟದ್ದು ಉತ್ತರಕ್ಕೆ ಏಕೆ ಹೋಗುತ್ತಿದೆಯಮ್ಮ?’ ಎಂದು ಗಾಬರಿಯಿಂದ ಕೇಳಿದರು. ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ಅದು ಸಹಜವಾದ ಆತಂಕ. ಬೆಂಗಳೂರು ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಮಗ್ಗುಲುಗಳು. ಶಾಲೆಯ ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರಕ್ಕೆ ಏರಿ, ಆರ್ಕ್ಟಿಕ್ ವೃತ್ತವನ್ನೂ ದಾಟಿ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿನಿಂದಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲರೂ ಮಹಿಳೆಯರು. ಈ ಸಂಗತಿಯನ್ನು ಅಮ್ಮ ಬೀದಿಯವರಿಗೆಲ್ಲ ಹೇಳಿದ್ದಾರೆ.

ಇನ್ನು ಗಾಳಿಯ ವಿಷಯ. ವಿಮಾನಗಳು ಹಾರುವ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಇನ್ನೂ ಹೆಚ್ಚು. 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಏರ್ ಇಂಡಿಯಾದವರು ಅಟ್ಲಾಂಟಿಕ್ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹಾರಿಸಿದರು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ಆಯಿತು. ಆದರೂ ಸುಮಾರು ಎರಡು ಗಂಟೆ ಉಳಿಯಿತು! ಬಳಸುದಾರಿಯೇ ಬೇಗ ತಲುಪಿಸಿತು, ಏಕೆಂದರೆ ಗಾಳಿ ಬೆನ್ನಿಗಿತ್ತು. ಬರುವಾಗ ಒಂದು ಲೆಕ್ಕ, ಹೋಗುವಾಗ ಇನ್ನೊಂದು ಲೆಕ್ಕ ಏಕೆ ಎಂಬುದಕ್ಕೂ ಇದೇ ಉತ್ತರ. ವಿಮಾನ ತಡವಾಯಿತೆಂದು ದಯವಿಟ್ಟು ಹೆದರಬೇಡಿ.

ಗಡಿಯಾರದ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಂಡ್ಯದಲ್ಲಿ ಬೆಳಗಿನ ತಿಂಡಿಯ ಹೊತ್ತಾದರೆ ಇಲ್ಲಿ ಹಿಂದಿನ ದಿನದ ಸಂಜೆ.

ಟಿಕೆಟ್ ಕೊಳ್ಳುವ ಮಕ್ಕಳಿಗೆ ನನ್ನದೊಂದು ಬೇಡಿಕೆ. ನಿಮ್ಮ ಲೆಕ್ಕವನ್ನು ದೇವನಹಳ್ಳಿಯಿಂದಲ್ಲ, ಮನೆಯ ಹೊಸ್ತಿಲಿನಿಂದ ಶುರುಮಾಡಿ. ದಶಪಥ ಹೆದ್ದಾರಿಯಲ್ಲಿ ಕೆಂಗೇರಿಯವರೆಗೆ ಸಲೀಸು. ಅಲ್ಲಿಂದ ನಗರ ದಾಟುವುದೇ ಕಷ್ಟ. ಬಳಿಕ ವಿಮಾನ ನಿಲ್ದಾಣದ ಸಾಲುಗಳು, ವಿಮಾನದಲ್ಲಿ ಗಂಟೆಗಟ್ಟಲೆ ಕುಳಿತೇ ಇರುವುದು, ಇಳಿದ ಮೇಲೆ ಮತ್ತೆ ಸಾಲು. ಅರವತ್ತು ದಾಟಿದ ಮೊಣಕಾಲುಗಳಿಗೆ ಇದು ಸಣ್ಣ ಮಾತಲ್ಲ. ಟಿಕೆಟ್ ಜೊತೆಯಲ್ಲೇ ಗಾಲಿಕುರ್ಚಿಯನ್ನೂ, ಓಡಾಡುವ ದಾರಿಯ ಪಕ್ಕದ ಆಸನವನ್ನೂ ಕಾದಿರಿಸಿ. ‘ನನಗೇಕೆ ಗಾಲಿಕುರ್ಚಿ?’ ಎಂದು ಅಪ್ಪ ಒಪ್ಪದಿದ್ದರೂ ಕಾದಿರಿಸಿ.