ಮ್ಯೂಸಿಯಂ ಇರುವಾಗ ಯಾರದೋ ಶೆಡ್ಡಿಗೆ ಯಾಕೆ?

"ಹಳೇ ಎಂಜಿನ್ ನೋಡೋಕೆ ಮ್ಯೂಸಿಯಂ ಇಲ್ವಾ? ಮೋಟರ್‌ಹೋಮ್ (ಒಳಗೇ ಮಲಗೋ ಗಾಡಿ) ಹೊಡ್ಕೊಂಡು ಯಾರದೋ ಶೆಡ್ಡಿಗೆ ಯಾಕೆ ಹೋಗ್ಬೇಕು?" ಎಂದು ಕೇಳುವವರು ಬಹಳ. ಮ್ಯೂಸಿಯಮ್ಮಿನಲ್ಲಿ ಹೆಚ್ಚಿನ ಎಂಜಿನ್‌ಗಳು ಬಣ್ಣ ಹೊಡೆಸಿಕೊಂಡು ಸುಮ್ಮನೆ ನಿಂತಿರುತ್ತವೆ. ಯಂತ್ರದ ಹುಚ್ಚು ಹಿಡಿದವರ ಶೆಡ್ಡಿನಲ್ಲಿ ಅವನ್ನು ಚಾಲೂ ಮಾಡುತ್ತಾರೆ. ನೋಡಬೇಕಾದದ್ದು ಆ ಚಾಲೂ ಮಾಡುವ ಕೆಲಸವನ್ನೇ. ಓಡುವ ಎಂಜಿನ್ ಸ್ವಲ್ಪ ಹೊತ್ತಿಗೆ ಬೇಸರ ತರಿಸುತ್ತದೆ, ಬೇಕಾದರೆ ಜಗಳಕ್ಕೆ ಬನ್ನಿ.

ಹಾಟ್ ಬಲ್ಬ್ ಎಂಜಿನ್ ತೆಗೆದುಕೊಳ್ಳಿ. 1921ರಲ್ಲಿ ಬಂದ ಜರ್ಮನಿಯ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರ್ ಈ ಜಾತಿಯದು. ಸ್ಪಾರ್ಕ್ ಪ್ಲಗ್ ಇಲ್ಲ, ಡೀಸೆಲ್ ಎಂಜಿನ್ನಿನಷ್ಟು ಕಂಪ್ರೆಷನ್ನೂ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವುದು) ಇಲ್ಲ. ಇಂಧನ ಹೊತ್ತಿಕೊಳ್ಳುವುದು ಕಾದ ಬಲ್ಬಿನ ಬಿಸಿಗೆ. ಸಿಲಿಂಡರ್ ತಲೆಯಲ್ಲಿರುವ ಕಬ್ಬಿಣದ ಬಲ್ಬನ್ನು ಬ್ಲೋಲ್ಯಾಂಪ್ (ಜೋರಾಗಿ ಬೆಂಕಿ ಉಗುಳುವ ದೀಪ) ಹಿಡಿದು ಹತ್ತು ಹದಿನೈದು ನಿಮಿಷ ಕಾಯಿಸಬೇಕು. ಬುಲ್‌ಡಾಗ್‌ನ ಹಲವು ಮಾದರಿಗಳಲ್ಲಿ ಸ್ಟಿಯರಿಂಗ್ ಚಕ್ರವನ್ನು ದಂಡದ ಸಮೇತ ಕಿತ್ತು, ಫ್ಲೈವೀಲಿಗೆ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಸಿಕ್ಕಿಸಿ, ಕಂಪ್ರೆಷನ್ನಿಗೆ ಎದುರಾಗಿ ಹಿಂದೆ ಮುಂದೆ ತೂಗುತ್ತಾರೆ. ಬಲ್ಬ್ ಸಾಕಷ್ಟು ಕಾಯದಿದ್ದರೆ ಹೊಗೆ ಮಾತ್ರ. ಕಾದಿದ್ದರೂ ಕೆಲವೊಮ್ಮೆ ಉಲ್ಟಾ ದಿಕ್ಕಿಗೆ ಹೊಡೆದುಕೊಳ್ಳುತ್ತದೆ, ಇಂಥ ಟು-ಸ್ಟ್ರೋಕ್ ಎಂಜಿನ್ನಿಗೆ ಎತ್ತ ತಿರುಗಿದರೂ ಒಂದೇ. ಮೊದಲ ಬುಲ್‌ಡಾಗ್‌ಗೆ ರಿವರ್ಸ್ ಗೇರೇ ಇರಲಿಲ್ಲ; ಹಿಂದಕ್ಕೆ ಹೋಗಲು ಎಂಜಿನ್ನನ್ನೇ ಉಲ್ಟಾ ಓಡಿಸುತ್ತಿದ್ದರು.

ಹಿಟ್-ಆಂಡ್-ಮಿಸ್ ಎಂಜಿನ್ ಕಿವಿಗೆ ಹಬ್ಬ. ಒಂದು ಢಮ್, ಆಮೇಲೆ ಐದಾರು ಸುತ್ತು ಬರೀ ಉಸಿರಾಟ, ಮತ್ತೆ ಢಮ್. ಕೆಟ್ಟಿದೆ ಅಂದುಕೊಳ್ಳಬೇಡಿ. ವೇಗ ಹೆಚ್ಚಾದಾಗ ಗವರ್ನರ್ (ವೇಗವನ್ನು ಹಿಡಿತದಲ್ಲಿಡುವ ಭಾಗ) ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವನ್ನು ತೆರೆದೇ ಹಿಡಿಯುತ್ತದೆ. ಇಂಧನ ಒಳಬರುವ ಇನ್‌ಟೇಕ್ ವಾಲ್ವಿಗೆ ತೆಳು ಸ್ಪ್ರಿಂಗ್ ಮಾತ್ರ, ಅದು ತೆರೆಯುವುದು ಪಿಸ್ಟನ್ನಿನ ಸೆಳೆತಕ್ಕೆ. ಎಕ್ಸಾಸ್ಟ್ ತೆರೆದಿದ್ದರೆ ಆ ಸೆಳೆತ ಹುಟ್ಟುವುದಿಲ್ಲ, ಇಂಧನ ಒಳಬರುವುದಿಲ್ಲ. ಬೆಲ್ಟ್ ಹಾಕಿ ಏನನ್ನಾದರೂ ತಿರುಗಿಸಲು ಕೇಳಿ: ಹೊರೆ ಏರಿದಂತೆ ಢಮ್‌ಗಳು ಹತ್ತಿರ ಬರುತ್ತವೆ. ಆ ಇನ್‌ಟೇಕ್ ಸ್ಪ್ರಿಂಗ್ ಸೋತಿದ್ದರೆ ಖಾಲಿ ಸುತ್ತಿನಲ್ಲೂ ವಾಲ್ವ್ ಅಲುಗಿ ಪೆಟ್ರೋಲ್ ವ್ಯರ್ಥವಾಗಿ ಹೋಗುತ್ತದೆ. ಎಕ್ಸಾಸ್ಟಿನ ವಾಸನೆಯೇ ಹೇಳುತ್ತದೆ.

ಈಗ ಮೋಟರ್‌ಹೋಮ್ ವಿಷಯ. ಸ್ಟೀಮ್ ಎಂಜಿನ್ ಇದ್ದರೆ ಬೆಳಗಿನ ಜಾವಕ್ಕೇ ಬೆಂಕಿ ಹಚ್ಚುತ್ತಾರೆ. ತಣ್ಣಗಿರುವ ಬಾಯ್ಲರ್ ಒತ್ತಡಕ್ಕೆ ಬರಲು ಗಂಟೆಗಟ್ಟಲೆ ಬೇಕು. ಅವಸರಪಟ್ಟರೆ ತಗಡು, ಟ್ಯೂಬ್‌ಗಳು ಒಂದೊಂದು ಒಂದೊಂದಷ್ಟು ಹಿಗ್ಗಿ ಸಂದುಗಳಲ್ಲಿ ಸೋರುತ್ತವೆ. ಹನ್ನೊಂದು ಗಂಟೆಗೆ ಬರುವವರಿಗೆ ಇದೆಲ್ಲ ಮುಗಿದಿರುತ್ತದೆ. ಹಿಂದಿನ ರಾತ್ರಿಯೇ ಅಲ್ಲಿ ಮಲಗಿದವರಿಗೆ ಮಾತ್ರ ಸಿಗುತ್ತದೆ. ಬಾಯ್ಲರ್ ಪರೀಕ್ಷೆ ಯಾವಾಗ ಆಯಿತು, ಫ್ಯೂಸಿಬಲ್ ಪ್ಲಗ್ (ನೀರು ಕಡಿಮೆಯಾದರೆ ಕರಗಿ ಎಚ್ಚರಿಸುವ ಬಿರಡೆ) ಬದಲಿಸಿದ್ದು ಯಾವಾಗ ಎಂದು ಸಂಕೋಚವಿಲ್ಲದೆ ಕೇಳಿ. 2001ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಮೆಡಿನಾದಲ್ಲಿ ನೀರು ಕಡಿಮೆಯಾಗಿ ಸ್ಟೀಮ್ ಟ್ರ್ಯಾಕ್ಟರ್ ಸಿಡಿದು 5 ಜನ ಸತ್ತರು. ಉತ್ತರ ಕೊಡಲು ಸಿಡುಕುವವರ ಬಾಯ್ಲರಿನಿಂದ ದೂರ ಇರಿ.

ಫೋನ್ ಮಾಡಿದಾಗಲೇ ಗಾಡಿಯ ಉದ್ದ, ಎತ್ತರ, ತೂಕ ಹೇಳಿಬಿಡಿ. "ಬನ್ನಿ, ಜಾಗ ಇದೆ" ಎಂಬ ಮಾತಿಗೆ ಅರ್ಥ ಟ್ರ್ಯಾಕ್ಟರಿಗೆ ಜಾಗ ಇದೆ ಅಂತ. ರಸ್ತೆಯಲ್ಲೇ ನಿಲ್ಲಿಸಿ ಒಳಗೆ ನಡೆದು ನೋಡಿ: ಬಾಗಿದ ಕೊಂಬೆ, ತಗ್ಗಿನ ವಿದ್ಯುತ್ ತಂತಿ, ತಿರುಗಿಸುವ ಜಾಗ, ಹುಲ್ಲಿನಡಿಯ ಮೊಳೆ, ತಂತಿ ತುಂಡು. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಇಳಿಜಾರಿಗೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರಗಳು ಸುಮ್ಮನೆ ಸುತ್ತುತ್ತವೆ. ಬ್ಲೋಲ್ಯಾಂಪ್, ಕಿಡಿ ಇರುವ ಕಡೆ ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಇರಲಿ. ಗ್ಯಾಸ್ ಫ್ರಿಜ್ಜನ್ನೂ ಆರಿಸಿ. ತೊಳೆದ ನೀರನ್ನು ಅವರ ಜಾಗದಲ್ಲಿ ಬಿಡಬೇಡಿ.

ಕೇಳದೆ ಯಾವ ಫ್ಲೈವೀಲನ್ನೂ ತಿರುಗಿಸಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿನ ಒಣ ಪಿಸ್ಟನ್ ರಿಂಗುಗಳು ಸಿಲಿಂಡರನ್ನು ಗೀಚುತ್ತವೆ. ಹಳೆಯ ಪೈಪುಗಳ ಬಿಳಿ ಹೊದಿಕೆಯನ್ನೂ ಮುಟ್ಟಬೇಡಿ, ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು. ಹೊರಡುವ ಮುನ್ನ ಹಿಂಬದಿಯ ಜೋಡಿ ಚಕ್ರಗಳ ನಡುವೆ ಟಾರ್ಚ್ ಹಾಕಿ ನೋಡಿ. ಅಂಥ ಅಂಗಳದ ಬೋಲ್ಟು, ನಟ್ಟು ಸಿಕ್ಕಿಕೊಳ್ಳುವುದು ಅಲ್ಲೇ.