ಚೌಕ ಎಲ್ಲಿ ಕೂರಬೇಕು?

10 ನವೆಂಬರ್ 2024, ರವಿವಾರ
ವಿಜಯಪುರ

ಬೆಳಿಗ್ಗೆ ತಿಕೋಟಾ ಕಡೆ ಕಾಕಾನ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಚಾಟ್ನಿ (ಬಳ್ಳಿ ಕತ್ತರಿಸೋದು) ಮಾಡಿ ಒಂದು ತಿಂಗಳಾಗಿದೆ, ಗೊನೆ ಹೂ ಬಿಡೋ ಹೊತ್ತು. ಎರಡು ದಿನದಿಂದ ಮೋಡ ಬೇರೆ. ಕಾಕಾ ಒಂದು ಎಲೆ ಹಿಡಿದು ತೋರಿಸಿದರು. ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ. ತಿರುಗಿಸಿದರೆ ಬಿಳಿ ಬೂಸು. ದಾವಣಿ ರೋಗ.

"ಇವತ್ತ ಔಷಧ ಹೊಡೀರಿ ಕಾಕಾ."

"ಬೆಳಿ ಹಣೀಬರದಾಗ ಇದ್ರ ಹೊಡೀದಿದ್ರೂ ಬರ್ತೈತಿ. ಇಲ್ಲಂದ್ರ ಹೊಡದ್ರೂ ಬರೂದಿಲ್ಲ. ಸುಮ್ನ ಯಾಕ ರೊಕ್ಕ ಹಾಳು ತಮ್ಮಾ?"

ನಾನು ಪಿಯು ಮಕ್ಕಳಿಗೆ ಗಣಿತ ಹೇಳುವವನು. ಇಂಥ 'ಹೀಗಿದ್ದರೆ ಹಾಗೆ'ಗಳು ಕಿವಿಗೆ ಬಿದ್ದರೆ ಸುಮ್ಮನಿರೋಕಾಗಲ್ಲ.

ಗ್ರೀಕರು ಇದಕ್ಕೆ ಸೋಮಾರಿ ವಾದ ಅಂತಲೇ ಹೆಸರಿಟ್ಟಿದ್ದರು. ರೋಗ ವಾಸಿಯಾಗೋದು ವಿಧಿಯಲ್ಲಿದ್ದರೆ ವೈದ್ಯನನ್ನು ಯಾಕೆ ಕರೀಬೇಕು ಅನ್ನೋ ವಾದ. ಅವರಲ್ಲೇ ಒಬ್ಬ ತತ್ವಜ್ಞಾನಿ ಕ್ರಿಸಿಪ್ಪಸ್ ವಿಧಿಯನ್ನು ನಂಬಿದ್ದವನೇ, ಆದರೂ ಇದನ್ನು ಒಪ್ಪಲಿಲ್ಲ. ಗ್ರೀಕ್ ಕತೆಯ ಲಾಯಸ್ ರಾಜನಿಗೆ ಮಗ ಹುಟ್ಟುತ್ತಾನೆ ಅಂತ ವಿಧಿಯಲ್ಲಿ ಬರೆದಿದ್ದರೆ, ಅವನು ಹೆಂಗಸಿನ ಜೊತೆ ಕೂಡಿದರೂ ಕೂಡದಿದ್ದರೂ ಹುಟ್ಟುತ್ತಾನೆ ಅಂದಂಗಾಯಿತೇ? ಎರಡನ್ನೂ ಕೂಡಿಸಿಯೇ ಬರೆದಿರುತ್ತೆ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ವಿಧಿ ಬಗ್ಗೆ ಬರೆದ ಪುಸ್ತಕದಲ್ಲಿ ಇದಿದೆ. ಲಾಯಸನ ಕತೆ ಕೇಳಿ ಕಾಕಾ ಜೋರಾಗಿ ನಕ್ಕರು. ಕಾಕು ಚಹಾ ತಂದಿದ್ದರಿಂದ ವಿವರ ಅಲ್ಲಿಗೇ ನಿಂತಿತು.

ಆದರೆ ಕಾಕಾ ಬಿಡೋ ಆಸಾಮಿ ಅಲ್ಲ. "ನಾ ಹೊಡಿತೀನೋ ಇಲ್ಲೋ ದೇವರಿಗಿ ಗೊತ್ತೈತಿಲ್ಲೊ? ಗೊತ್ತಿದ್ದಮ್ಯಾಲ ನಾ ಬ್ಯಾರೆ ಹೆಂಗ ಮಾಡ್ಲಿ?"

ಬರೆಯೋಕೆ ಕಾಗದ ಕೇಳಿದೆ. ಅಂಗಿ ಜೇಬಿನಿಂದ ಮಡಚಿದ ಚೀಟಿ ಕೊಟ್ಟರು. ಖಾಲಿ ಬದಿಯಲ್ಲಿ ಬರೆದೆ. ಗ ಅಂದರೆ 'ಕಾಕಾ ಹೊಡೀತಾರೆ ಅಂತ ದೇವರಿಗೆ ಗೊತ್ತು'. ಹ ಅಂದರೆ 'ಕಾಕಾ ಹೊಡೀತಾರೆ'. ಬಾಣ ಅಂದರೆ 'ಇದಾದರೆ ಅದು'. ಚೌಕ ಅಂದರೆ 'ಬೇರೆ ಆಗೋಕೆ ಸಾಧ್ಯವೇ ಇಲ್ಲ'.

□(ಗ → ಹ)
ಗ → □ಹ

'ಗೊತ್ತಿದ್ದರೆ ಹೊಡೀತಾರೆ' ಅನ್ನೋ ಇಡೀ ಮಾತು ತಪ್ಪೋಕೆ ಸಾಧ್ಯವಿಲ್ಲ ಅನ್ನೋದು ಮೊದಲನೆಯದು, ಅದು ಸರಿ. ತಪ್ಪು ತಿಳಿದಿದ್ದರೆ ಅದನ್ನು 'ಗೊತ್ತು' ಅನ್ನೋದೇ ಇಲ್ಲವಲ್ಲ. ಎರಡನೆಯದು ಬೇರೆಯೇ ಮಾತು: ಗೊತ್ತಿದ್ದರೆ ಕಾಕಾ ಹೊಡೆಯದೆ ಇರೋಕೆ ಸಾಧ್ಯವೇ ಇಲ್ಲ. ಅಲ್ಲಿ ಚೌಕ ಕಂಸದ ಹೊರಗಿನಿಂದ ಜಿಗಿದು ಹ ಮೇಲೆ ಕೂತಿದೆ. ನೀವು ಚಹಾ ಕುಡಿಯೋದು ನನಗೆ ಕಾಣ್ತಿದೆ ಅಂದಮೇಲೆ ನೀವು ಕುಡೀತಿರೋದು ಖಂಡಿತ. ಹಾಗಂತ ನನ್ನ ಕಣ್ಣು ನಿಮ್ಮ ಬಾಯಿಗೆ ಚಹಾ ಸುರೀತಾ? ರೋಮಿನ ತತ್ವಜ್ಞಾನಿ ಬೊಯೆಥಿಯಸ್ 6ನೇ ಶತಮಾನದಲ್ಲಿ ಸೆರೆಮನೆಯಲ್ಲಿ ಕೂತು ಈ ಎರಡು ಥರದ ಅನಿವಾರ್ಯಗಳನ್ನು ಬೇರೆ ಮಾಡಿ ತೋರಿಸಿದ್ದ.

ಗೆದ್ದೆ ಅಂದುಕೊಂಡೆ. ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿದರು.

"ನಿನ್ನ ಕಣ್ಣು ಈಗ ನೋಡ್ತೈತಿ. ದೇವರಿಗಿ ನಿನ್ನೀ ದಿನಾನ ಗೊತ್ತಿತ್ತು. ಆಗಿಹೋದ ನಿನ್ನಿ ಯಾರ ಕೈಯಾಗ ಐತಿ?"

ನಾನು ಸುಮ್ಮನಾದೆ. ಅಮೆರಿಕದ ತತ್ವಜ್ಞಾನಿ ನೆಲ್ಸನ್ ಪೈಕ್ 1965ರಲ್ಲಿ ಬರೆದ ಲೇಖನದ ತಿರುಳು ಹೆಚ್ಚುಕಡಿಮೆ ಇದೇ. ಆಗಿಹೋದದ್ದನ್ನು ಬದಲಿಸೋಕಾಗಲ್ಲ. ದೇವರು ನಿನ್ನೆ ನಂಬಿದ್ದು ಆಗಿಹೋಗಿದೆ. ಅವನ ನಂಬಿಕೆ ಸುಳ್ಳಾಗಲ್ಲ. ಹಾಗಾದರೆ ಇವತ್ತಿನದೂ ನಮ್ಮ ಕೈಲಿಲ್ಲ. ಇಲ್ಲಿ ಚೌಕ ಜಿಗಿದಿಲ್ಲ, ಆ ಕೀಲಿಕೈಯಿಂದ ಈ ಬೀಗ ತೆರೆಯಲ್ಲ.

ಒಂದು ದಾರಿ ಇದೆ, 14ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಆಕ್ಹ್ಯಾಮ್‌ನದು. ಎಲ್ಲ ನಿನ್ನೆಗಳೂ ಒಂದೇ ಥರ ಆಗಿಹೋಗಿರಲ್ಲ. 'ಔಷಧ ಹೊಡೆಯೋ ಹಿಂದಿನ ದಿನ ಸಂತೆಗೆ ಹೋಗಿದ್ದೆ' ಅನ್ನೋದು ನಿನ್ನೆಯ ಮಾತೇ, ಆದರೆ ಅದು ನಿಜವಾಗಬೇಕಾದರೆ ಇವತ್ತು ಹೊಡೀಬೇಕು. ದೇವರ ತಿಳಿವೂ ಇಂಥ ಅರ್ಧ ನಿನ್ನೆ ಇರಬಹುದು. ನಿಜ ಹೇಳಬೇಕೆಂದರೆ ನನಗೆ ಇದು ಪೂರ್ತಿ ಗಂಟಲಲ್ಲಿ ಇಳಿದಿಲ್ಲ. ಸಂತೆಗೆ ಹೋದದ್ದು ಹೋದದ್ದೇ ಅಲ್ವಾ? (ದೇವರೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ ಅನ್ನೋ ಮಧ್ವಮತದವರು ಸ್ಟಾಫ್ ರೂಮಿನಲ್ಲಿ ಒಬ್ಬರಿದ್ದಾರೆ. ನಾಳೆ ಅವರ ತಲೆ ತಿನ್ನಬೇಕು.)

ಹೊರಡುವಾಗ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಕಾಕಾ ಕೈ ಚಾಚಿದರು.

"ಅದು ಇಲ್ಲೆ ಕೊಡು. ಹಿಂದ ಲೀಟರಿಗಿ ಎಷ್ಟ ಗ್ರಾಂ ಅಂತ ಬರಿಸಿಕೊಂಡ ಬಂದೀನಿ."

ತಿರುಗಿಸಿ ನೋಡಿದೆ. ಔಷಧ ಅಂಗಡಿಯ ಬಿಲ್ಲು. ತಾರೀಖು ನಿನ್ನೆಯದು.